ಇಂಗ್ಲೆಂಡಿನ ಹಳ್ಳಿಗಳಲ್ಲಿ ಬೆಳೆದವರು ಇದ್ದೀರಾ? ನಿಮ್ಮ ಬಾಲ್ಯದ ನೆನಪು ಹೇಳಿ

ಕಲ್ಲುಗೋಡೆ

ಎಲ್ಲರಿಗೂ ನಮಸ್ಕಾರ. ನಾನು ಬೆಳೆದದ್ದು ಡಾರ್ಬಿಶೈರ್‌ನಲ್ಲಿ, ವರ್ಕ್ಸ್‌ವರ್ತ್ ಊರಿನ ಪಕ್ಕದ ಒಂದು ಹಳ್ಳಿಯಲ್ಲಿ. ಅಪ್ಪ ಡಾಕ್ಟರ್. 1970ರಲ್ಲಿ ಮೈಸೂರಿನಿಂದ ಹೋದಾಗ ನಾನು ಇನ್ನೂ ಶಾಲೆಗೆ ಸೇರಿರಲಿಲ್ಲ. 1981ರಲ್ಲಿ ವಾಪಸ್ ಬಂದೆವು. ಲಂಡನ್, ಲೆಸ್ಟರ್, ಬರ್ಮಿಂಗ್‌ಹ್ಯಾಮ್‌ನಲ್ಲಿ ಬೆಳೆದ ನಮ್ಮವರ ಕಥೆ ಬೇಕಾದಷ್ಟು ಕೇಳಿದ್ದೇನೆ. ಹಳ್ಳಿಗಳಲ್ಲಿ ಬೆಳೆದವರೂ ಇದ್ದಾರೆ, ಅವರು ಮಾತಾಡುವುದು ಕಡಿಮೆ. ಆಗ ನಮ್ಮ ಡಾಕ್ಟರುಗಳಿಗೆ ದೊಡ್ಡ ಊರಿನ ಒಳ್ಳೆಯ ಹುದ್ದೆ ಸಿಗುವುದು ಕಷ್ಟವಿತ್ತು. ಅಲ್ಲಿನವರು ಬೇಡವೆಂದು ಬಿಟ್ಟ ಗಣಿ ಊರುಗಳು, ಮುದುಕರ ಆಸ್ಪತ್ರೆಗಳು, ಮಾನಸಿಕ ಆಸ್ಪತ್ರೆಗಳು, ಇಂಥ ಕಡೆಗೇ ಹೋದವರು ಜಾಸ್ತಿ. ಅವರ ಮಕ್ಕಳು ನಾವು.

ನಮ್ಮದು ಪೂರ್ತಿ ಹಳ್ಳಿಯೂ ಅಲ್ಲ, ಪಟ್ಟಣವೂ ಅಲ್ಲ. ಒಂದು ಕಡೆ ಕುರಿ ಮೇಯುವ ಹೊಲ, ಇನ್ನೊಂದು ಕಡೆ ಸುಣ್ಣದಕಲ್ಲಿನ ಕ್ವಾರಿ. ಮಳೆ ಬಾರದೆ ನಾಲ್ಕು ದಿನ ಆಯಿತೆಂದರೆ ಬೇಲಿ, ಕಿಟಕಿ, ಒಣಹಾಕಿದ ಬಟ್ಟೆ ಎಲ್ಲದರ ಮೇಲೂ ಬಿಳಿ ಧೂಳು. ಅಕ್ಕಪಕ್ಕದ ಗಂಡಸರು ಕ್ವಾರಿಗೆ ಹೋಗುತ್ತಿದ್ದರು, ಇಲ್ಲವೇ ಬೆಳಗಿನ ಬಸ್ಸಿಗೆ ಡಾರ್ಬಿಯ ರೋಲ್ಸ್ ರಾಯ್ಸ್ ಕಾರ್ಖಾನೆಗೆ. 1971ರ ಫೆಬ್ರವರಿಯಲ್ಲಿ ಆ ಕಂಪನಿ ದಿವಾಳಿ ಎದ್ದಿತು. ಸರ್ಕಾರವೇ ಅದನ್ನು ಕೊಂಡುಕೊಂಡಿತು. ನಮ್ಮ ರಸ್ತೆಯಲ್ಲಿ ಆ ವಾರ ಯಾರ ಮನೆಯಲ್ಲೂ ಜೋರು ಮಾತಿರಲಿಲ್ಲ ಎಂದು ಅಮ್ಮ ಈಗಲೂ ಹೇಳುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಾವಿ ಸಿಂಗಾರ. ಡಾರ್ಬಿಶೈರ್‌ನ ಹತ್ತಾರು ಊರುಗಳಲ್ಲಿ ಬೇಸಿಗೆ ಬಂತೆಂದರೆ ಬಾವಿ, ಚಿಲುಮೆ, ನಲ್ಲಿಗಳ ಮುಂದೆ ದೊಡ್ಡ ದೊಡ್ಡ ಹೂವಿನ ಚಿತ್ರ ನಿಲ್ಲಿಸುತ್ತಾರೆ. ಟಿಸಿಂಗ್ಟನ್ ಊರಿನಲ್ಲಿ ಇದು ತುಂಬಾ ಹಳೆಯದು. 1615ರ ಬರಗಾಲದಲ್ಲೂ ಅಲ್ಲಿನ ಬಾವಿಗಳು ಬತ್ತಲಿಲ್ಲ, ಅದಕ್ಕೇ ಈ ಪೂಜೆ ಎಂದು ಊರವರು ಹೇಳುತ್ತಾರೆ. ವರ್ಕ್ಸ್‌ವರ್ತ್‌ನಲ್ಲಿ ಶುರುವಾದದ್ದು 1827ರಲ್ಲಿ ಊರಿಗೆ ಕೊಳಾಯಿ ನೀರು ಬಂದ ಖುಷಿಗೆ. ಅಲ್ಲಿ ಸಿಂಗಾರ ಮಾಡಿದ್ದು ನಲ್ಲಿಗಳಿಗೆ!

ಕೆಲಸ ಹೇಗೆ ಗೊತ್ತಾ? ಅಗಲವಾದ ಮರದ ಹಲಗೆಗಳನ್ನು ಮೊದಲು ಕೆಲವು ದಿನ ನೀರಿನಲ್ಲಿ ಮುಳುಗಿಸಿ ಇಡಬೇಕು. ಒಣ ಮರವಾದರೆ ಮಣ್ಣಿನ ಪಸೆಯನ್ನೆಲ್ಲ ಹೀರಿಬಿಡುತ್ತದೆ. ಹಲಗೆ ತುಂಬಾ ಮೊಳೆ ಹೊಡೆದಿರುತ್ತಾರೆ, ಮಣ್ಣು ಜಾರಬಾರದು ಅಂತ. ಜೇಡಿಮಣ್ಣಿಗೆ ಉಪ್ಪು, ನೀರು ಹಾಕಿ ಕಾಲಿನಲ್ಲಿ ತುಳಿಯುವುದು ಮಕ್ಕಳ ಪಾಲಿನ ಕೆಲಸ. ಮೆತ್ತಿದ ಮಣ್ಣಿನ ಮೇಲೆ ಕಾಗದದ ಚಿತ್ರ ಹಾಸಿ, ಗೆರೆಯ ಉದ್ದಕ್ಕೂ ಸೂಜಿಯಲ್ಲಿ ಚುಚ್ಚಿ ತೂತು ಮಾಡುತ್ತಾರೆ. ಕಾಗದ ತೆಗೆದರೆ ಮಣ್ಣಿನ ಮೇಲೆ ಚುಕ್ಕಿಗಳು ಉಳಿದಿರುತ್ತವೆ. ಆ ಚುಕ್ಕಿಗಳ ಮೇಲೆ ಆಲ್ಡರ್ ಮರದ ಪುಟ್ಟ ಕಪ್ಪು ಕಾಯಿಗಳನ್ನೋ ಕಾಫಿ ಬೀಜವನ್ನೋ ಒತ್ತಿದರೆ ಗೆರೆ ಮೂಡುತ್ತದೆ. ಒಳಗೆ ತುಂಬಲು ಎಸಳು, ಎಲೆ, ಪಾಚಿ, ಕಲ್ಲುಹೂವು, ಬೀಜ. ಎಲ್ಲವೂ ನೆಲದಿಂದಲೇ ಬಂದದ್ದಾಗಿರಬೇಕು ಎನ್ನುವುದು ರೂಢಿ. ಎಸಳುಗಳನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಒಂದು ಬರುವಂತೆ ಒತ್ತಬೇಕು. ಮಳೆ ಬಂದರೂ ನೀರು ಜಾರಿ ಹೋಗುತ್ತದೆ. ಒಂದು ವರ್ಷ ಕಾಫಿ ಬೀಜ ಸಾಲದೆ ಬಂತು. ಅಮ್ಮ ಮನೆಯಲ್ಲಿ ಹುರಿಯಲು ಇಟ್ಟುಕೊಂಡಿದ್ದ ಚಿಕ್ಕಮಗಳೂರಿನ ಬೀಜ ಕೊಟ್ಟರು. ಅದು ಹಸಿರು ಬೀಜ, ಗೆರೆ ಕಾಣುವುದಿಲ್ಲ. ಅಲ್ಲೇ ಒಲೆಯ ಮೇಲೆ ಹುರಿದರು. ನಾವು ಕೆಲಸ ಮಾಡುತ್ತಿದ್ದ ಊರಿನ ಹಾಲ್ ತುಂಬಾ ಕಾಫಿ ಪರಿಮಳ. ಅವತ್ತಿನಿಂದ ಅಮ್ಮನನ್ನು ಎಲ್ಲರೂ ಹೆಸರು ಹಿಡಿದು ಕರೆಯಲು ಶುರು ಮಾಡಿದರು.

ಒಂದು ವಾರ ಆದ ಮೇಲೆ ಎಲ್ಲ ಬಾಡುತ್ತದೆ, ಮಣ್ಣು ಕೆರೆದು ತೆಗೆಯುತ್ತಾರೆ. ಮುಂದಿನ ವರ್ಷ ಮತ್ತೆ ಹೊಸದು.

ನೀವು ಹೇಳಿ, ನಿಮ್ಮ ಹಳ್ಳಿ ಯಾವುದು?

ತುಂಗಾತೀರ

ನಾನು ತೀರ್ಥಹಳ್ಳಿ ಕಡೆಯವನು, ಇಂಗ್ಲೆಂಡ್ ನೋಡಿಲ್ಲ. ಆದರೆ ಮಗಳು ಈಗ ನಾಟಿಂಗ್‌ಹ್ಯಾಮ್‌ನಲ್ಲಿ ಇದ್ದಾಳೆ. ಅವಳು ಕಳಿಸುವ ಫೋಟೋಗಳಲ್ಲಿ ಜನ ಯಾರದೋ ಹೊಲದ ಮಧ್ಯೆ ನಡೆದುಕೊಂಡು ಹೋಗುತ್ತಿರುತ್ತಾರೆ. ಹೊಲದ ಯಜಮಾನ ಏನೂ ಹೇಳುವುದಿಲ್ಲವೇ? ಮಕ್ಕಳಾಗಿದ್ದಾಗ ನೀವೂ ಹಾಗೆ ಓಡಾಡುತ್ತಿದ್ದಿರಾ ಮೇಡಂ?

ಕಲ್ಲುಗೋಡೆ

ಹೌದು ಸರ್, ದಿನಾ. ನಾನು ಶಾಲೆಗೆ ಹೋಗುತ್ತಿದ್ದದ್ದೇ ಮೂರು ಹೊಲ ದಾಟಿ. ಅದು ಯಾರ ದಾಕ್ಷಿಣ್ಯವೂ ಅಲ್ಲ, ಕಾನೂನಿನ ಹಕ್ಕು. ಜನ ತಲೆತಲಾಂತರದಿಂದ ನಡೆದ ಕಾಲುದಾರಿ ಸಾರ್ವಜನಿಕರದ್ದು, ನೆಲ ಯಾರದ್ದಾದರೂ ಇರಲಿ. 1949ರ ಕಾಯ್ದೆಯ ಪ್ರಕಾರ ಪ್ರತಿ ಕೌಂಟಿಯೂ ಇಂಥ ದಾರಿಗಳನ್ನು ನಕ್ಷೆಯಲ್ಲಿ ಗುರುತು ಮಾಡಬೇಕಾಯಿತು. ಇಂಗ್ಲೆಂಡ್, ವೇಲ್ಸ್ ಸೇರಿ ಹೀಗೆ ಸುಮಾರು 2,25,000 ಕಿಲೋಮೀಟರ್ ದಾರಿ ಇದೆ. ರೈತ ಉತ್ತರೂ ದಾರಿಯನ್ನು ಮತ್ತೆ ಸರಿಮಾಡಿ ಕೊಡಬೇಕು.

ಅಡ್ಡ ಬರುವ ಗೋಡೆಗಳಿಗೆ ತಡಬೆ ಇರುತ್ತದೆ. ನಮ್ಮ ಕಡೆಯ ಗೋಡೆಗಳಿಗೆ ಗಾರೆ ಇಲ್ಲ, ಸುಮ್ನೆ ಕಲ್ಲಿನ ಮೇಲೆ ಕಲ್ಲು. ಎರಡು ಸಾಲು ಗೋಡೆ ಎಬ್ಬಿಸಿ, ನಡುವೆ ಚೂರುಕಲ್ಲು ತುಂಬಿ, ಅಲ್ಲಲ್ಲಿ ಎರಡನ್ನೂ ಹಿಡಿದುಕೊಳ್ಳುವ ಉದ್ದ ಕಲ್ಲು ಕೊಡುತ್ತಾರೆ. ಅಂಥ ಉದ್ದ ಕಲ್ಲುಗಳೇ ಕೆಲವು ಕಡೆ ಗೋಡೆಯಿಂದ ಆಚೆ ಚಾಚಿಕೊಂಡು ಮೆಟ್ಟಿಲಾಗುತ್ತವೆ. ಅದರ ಮೇಲೆ ಕಾಲಿಟ್ಟು ಹತ್ತಿ ಇಳಿಯುವುದು. ನನ್ನ ಮೊಣಕಾಲಿನ ಗಾಯಗಳೆಲ್ಲ ಆ ಕಲ್ಲುಗಳದ್ದೇ.

ಶಾಲೆಗೆ ಹೋಗುವ ದಾರಿಯಲ್ಲೇ ಅರ್ಧ ಕಲಿಕೆ ಆಗುತ್ತಿತ್ತು. ತುರಿಕೆ ಗಿಡ ತಾಗಿದರೆ ಪಕ್ಕದಲ್ಲೇ ಬೆಳೆದ ಡಾಕ್ ಎಲೆ ಉಜ್ಜಬೇಕು. ಕುರಿಮರಿ ಹಾಕುವ ಕಾಲದಲ್ಲಿ ಹೊಲದ ಅಂಚಿನಲ್ಲೇ ನಡೆಯಬೇಕು. ಗೇಟು ತೆರೆದಿದ್ದರೆ ತೆರೆದೇ ಇರಲಿ, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಬೇಕು. ಇದನ್ನು ಯಾವ ಟೀಚರೂ ಹೇಳಿಕೊಡಲಿಲ್ಲ. ನಮಗಿಂತ ಎರಡು ವರ್ಷ ದೊಡ್ಡ ಮಕ್ಕಳು ಹೇಳಿಕೊಟ್ಟರು.

ಮೈಸೂರಜ್ಜಿ

ಮಗಳೇ, ನಿನ್ನ ಅಮ್ಮನ ವಯಸ್ಸಿನವಳು ನಾನು. ನಾವೂ ಡಾರ್ಬಿಶೈರ್‌ನಲ್ಲೇ ಇದ್ದೆವು, ಚೆಸ್ಟರ್‌ಫೀಲ್ಡ್ ಆಚೆ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ. ನನ್ನ ಮಕ್ಕಳ ಬಾಲ್ಯ ಅಲ್ಲೇ ಆಯಿತು. ತಾಯಿಯ ಕಡೆಯಿಂದ ಅದು ಹೇಗಿತ್ತು ಎಂದು ಹೇಳುತ್ತೇನೆ.

ನಾನು ಹೋದ ಹೊಸದರಲ್ಲೇ, 1971ರ ಫೆಬ್ರವರಿ 15ಕ್ಕೆ ಅವರ ದುಡ್ಡಿನ ಲೆಕ್ಕ ಬದಲಾಯಿತು. ಅಲ್ಲಿಯವರೆಗೆ 12 ಪೆನ್ಸಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. ಇನ್ನು ಮುಂದೆ 100 ಪೆನ್ಸಿಗೆ ಒಂದು ಪೌಂಡ್ ಅಂದರು. ಊರಿನ ಅಜ್ಜಿಯರಿಗೆಲ್ಲ ದಿಗಿಲು. ನನಗೇನು ಹೊಸದೇ? 1957ರಲ್ಲಿ ನಾವು ಆಣೆ ಬಿಟ್ಟು ನಯಾಪೈಸೆಗೆ ಬಂದವರು. ಅಂಗಡಿಯಲ್ಲಿ ಪಕ್ಕದ ಮನೆಯಾಕೆಗೆ ನಾನೇ ಲೆಕ್ಕ ಹಾಕಿ ಹೇಳುತ್ತಿದ್ದೆ. ಹಳೆಯ ಆರು ಪೆನ್ಸಿನ ನಾಣ್ಯ ಮಾತ್ರ ಎರಡೂವರೆ ಹೊಸ ಪೆನ್ಸಿನ ಬೆಲೆಗೆ 1980ರ ತನಕ ನಡೆಯಿತು. ಕ್ರಿಸ್ಮಸ್ ಪುಡಿಂಗಿನ ಒಳಗೆ ಅದನ್ನು ಹುದುಗಿಸಿ ಇಡುತ್ತಿದ್ದರು. ಯಾರ ಪಾಲಿಗೆ ಬರುತ್ತದೋ ಅವರಿಗೆ ಅದೃಷ್ಟ.

ಅಡುಗೆಯ ಮಾತು ಹೇಳದಿದ್ದರೆ ಹೇಗೆ? ತೊಗರಿಬೇಳೆ, ಇಂಗು ಬೇಕೆಂದರೆ ಡಾರ್ಬಿಯ ನಾರ್ಮಂಟನ್ ಕಡೆಗೋ ಲೆಸ್ಟರ್‌ಗೋ ಹೋಗಬೇಕು. ತಿಂಗಳಿಗೆ ಆಗುವಷ್ಟು ಒಟ್ಟಿಗೆ ತರುವುದು. ಯುಗಾದಿಗೆ ಮಾವಿನಕಾಯಿ ಎಲ್ಲಿಂದ ಬರಬೇಕು? ಅವರ ಬ್ರಾಮ್ಲಿ ಸೇಬು ಇದೆಯಲ್ಲ, ಹುಳಿ ಹುಳಿ, ಅಡುಗೆಗೆಂದೇ ಇರುವುದು, ಅದನ್ನು ತುರಿದು ಚಿತ್ರಾನ್ನ ಮಾಡಿದೆ. ಮಕ್ಕಳು ಅದನ್ನೇ ಮಾವಿನಕಾಯಿ ಚಿತ್ರಾನ್ನ ಅಂದುಕೊಂಡು ಬೆಳೆದರು. ಹಿತ್ತಲಲ್ಲಿ ರೂಬಾರ್ಬ್ ತಾನಾಗಿ ಬರುತ್ತಿತ್ತು. ಅದರ ದಂಟಿನಿಂದ ಗೊಜ್ಜು ಮಾಡಿದರೆ ಹುಣಸೆಹಣ್ಣೇ ಬೇಡ. ದಂಟು ಮಾತ್ರ ತಿನ್ನಬೇಕು, ಎಲೆ ವಿಷ. ಇದನ್ನು ಮೊದಲ ದಿನವೇ ಬೇಲಿಯ ಆಚೆಯಿಂದ ಕೂಗಿ ಹೇಳಿದವಳು ಗಣಿಗೆ ಇಳಿಯುವವನ ಹೆಂಡತಿ. ಅವಳೇ ಆಮೇಲೆ ನನ್ನ ಮಕ್ಕಳನ್ನು ತನ್ನ ಮಕ್ಕಳ ಜೊತೆ ಬ್ಲ್ಯಾಕ್‌ಬೆರಿ ಕೀಳಲು ಕರೆದುಕೊಂಡು ಹೋಗುತ್ತಿದ್ದಳು. ಬಾಯಿ, ಅಂಗಿ, ಸಾಕ್ಸ್ ಎಲ್ಲ ನೇರಳೆ ಬಣ್ಣ ಮಾಡಿಕೊಂಡು ಬರುತ್ತಿದ್ದವು.

ಗಡಿನಾಡು

ನಾನು ನಿಮ್ಮೆಲ್ಲರಿಗಿಂತ ಸ್ವಲ್ಪ ಮೊದಲು ಹೋದವನು. ಶ್ರಾಪ್‌ಶೈರ್, ವೇಲ್ಸ್ ಗಡಿಗೆ ಅಂಟಿದ ಜಾಗ, ಆಸ್ವೆಸ್ಟ್ರಿ ಹತ್ತಿರ. ನನಗೆ ಆ ಊರಿನ ನೆನಪು ಅಂದರೆ 1967ರ ಕಾಲುಬಾಯಿ ಜ್ವರ.

ಆ ವರ್ಷ ಅಕ್ಟೋಬರ್ ಕೊನೆಯಲ್ಲಿ ಆಸ್ವೆಸ್ಟ್ರಿ ಹತ್ತಿರದ ಒಂದು ಫಾರ್ಮ್‌ನಲ್ಲಿ ಮೊದಲು ಕಾಣಿಸಿತು. ಕೆಲವೇ ವಾರದಲ್ಲಿ ಶ್ರಾಪ್‌ಶೈರ್, ಚೆಶೈರ್ ಪೂರ್ತಿ ಹಬ್ಬಿತು. ಒಂದು ಹಸುವಿಗೆ ಬಂದರೂ ಆ ಫಾರ್ಮ್‌ನ ಎಲ್ಲ ದನ, ಕುರಿ, ಹಂದಿಗಳನ್ನು ಕೊಲ್ಲುವುದು ಅಲ್ಲಿನ ಸರ್ಕಾರದ ಪದ್ಧತಿ. ಒಟ್ಟು 4 ಲಕ್ಷಕ್ಕೂ ಜಾಸ್ತಿ ಪ್ರಾಣಿಗಳು ಹೋದವು. ಗುಂಡಿ ತೋಡಿ ಹೂಳುತ್ತಿದ್ದರು, ಇಲ್ಲವೇ ರೈಲ್ವೆ ಸ್ಲೀಪರ್, ಕಲ್ಲಿದ್ದಲು ಒಟ್ಟಿ ಸುಡುತ್ತಿದ್ದರು. ರಾತ್ರಿ ನಮ್ಮ ಕಿಟಕಿಯಿಂದ ನೋಡಿದರೆ ಗುಡ್ಡದ ಆಚೆ ಕೆಂಪು ಬೆಳಕು.

ಪ್ರತಿ ಗೇಟಿನ ಮುಂದೆ ಔಷಧಿಯಲ್ಲಿ ನೆನೆಸಿದ ಹುಲ್ಲು ಹಾಸಿದ್ದರು. ಅದನ್ನು ತುಳಿಯದೆ ಯಾರೂ ಒಳಗೆ ಬರುವ ಹಾಗಿಲ್ಲ, ಹೊರಗೆ ಹೋಗುವ ಹಾಗಿಲ್ಲ. ಆ ಫಿನಾಯಿಲ್‌ನಂಥ ವಾಸನೆ ಈಗಲೂ ಎಲ್ಲಾದರೂ ಬಂದರೆ ಹೊಟ್ಟೆ ತೊಳಸುತ್ತದೆ. ಕಾಲುದಾರಿಗಳೆಲ್ಲ ಬಂದ್. ಕುದುರೆ ರೇಸೂ ನಿಂತಿತು. ಫಾರ್ಮ್ ಮಕ್ಕಳು ಶಾಲೆಗೆ ಬರುವುದನ್ನು ಬಿಟ್ಟರು. ನನ್ನ ಪಕ್ಕ ಕೂರುತ್ತಿದ್ದ ಹುಡುಗ ಕ್ರಿಸ್ಮಸ್ ಕಳೆದ ಮೇಲೆ ಬಂದ. ಅವರದ್ದು ಹಾಲಿನ ಹಸುಗಳ ಫಾರ್ಮ್, ಒಂದೂ ಉಳಿದಿರಲಿಲ್ಲ. ಅವನು ಪ್ರತಿ ಹಸುವಿನ ಹೆಸರನ್ನೂ ಲೆಕ್ಕದ ಪುಸ್ತಕದ ಹಿಂದೆ ಬರೆದುಕೊಂಡಿದ್ದ. ನನಗೆ ತೋರಿಸಿದ. ಡೈಸಿ, ಬಟರ್‌ಕಪ್, ಹೀಗೆ ಪುಟ ತುಂಬಾ. ಏನು ಹೇಳಬೇಕೆಂದು ಗೊತ್ತಾಗದೆ ನಾನು ನನ್ನ ಡಬ್ಬಿಯ ಚಕ್ಕುಲಿ ಕೊಟ್ಟೆ. ತಿಂದ.

ತುಂಗಾತೀರ

ಸರ್, ಓದಿ ಸಂಕಟವಾಯಿತು. ನಮ್ಮಲ್ಲೂ ಕಾಲುಬಾಯಿ ಜ್ವರ ಬರುತ್ತದೆ. ಗೊರಸಿಗೆ ಔಷಧಿ ಹಾಕಿ, ಗಂಜಿ ಕುಡಿಸಿ, ಕೊಟ್ಟಿಗೆಯಲ್ಲೇ ಕಟ್ಟಿ ಆರೈಕೆ ಮಾಡುತ್ತೇವೆ. ದೊಡ್ಡ ದನ ಸಾಯುವುದು ಅಪರೂಪ. ಲಸಿಕೆಯೂ ಇದೆ. ಮತ್ತೆ ಅವರು ಯಾಕೆ ಕೊಂದರು?

ಗಡಿನಾಡು

ವ್ಯಾಪಾರಕ್ಕೆ ಸರ್. ದೇಶದಲ್ಲಿ ಆ ರೋಗ ಇಲ್ಲ ಎಂದು ತೋರಿಸದಿದ್ದರೆ ಎಷ್ಟೋ ಹೊರದೇಶಗಳು ಮಾಂಸ, ದನ ಕೊಳ್ಳುವುದಿಲ್ಲ. ರೋಗ ಬಂದು ಹೋದ ಹಸುವಿನ ಹಾಲು ಇಳಿಯುತ್ತದೆ, ಅದೂ ಲೆಕ್ಕಕ್ಕೆ ಬರುತ್ತದೆ. ಸರ್ಕಾರ ರೈತರಿಗೆ ಪರಿಹಾರ ಕೊಟ್ಟಿತು. 2001ರಲ್ಲಿ ಮತ್ತೆ ಬಂದಾಗ 60 ಲಕ್ಷಕ್ಕಿಂತ ಜಾಸ್ತಿ ಪ್ರಾಣಿಗಳನ್ನು ಕೊಂದರು. ಆಗ ನಾನು ಹುಬ್ಬಳ್ಳಿಯಲ್ಲಿದ್ದೆ. ಟಿವಿ ನೋಡಲು ಆಗಲಿಲ್ಲ, ಎದ್ದು ಹೋದೆ.

ಫೆನ್ ಬಯಲು

ಎಲ್ಲರ ನೆನಪೂ ಚೆನ್ನಾಗಿದೆ. ನನ್ನದು ಅಷ್ಟು ಸಿಹಿ ಅಲ್ಲ, ಆದರೂ ಹೇಳಬೇಕು ಅನಿಸುತ್ತಿದೆ. 80ರ ದಶಕ, ಪೀಟರ್‌ಬರೋ ಕಡೆಯ ಫೆನ್ ಪ್ರದೇಶ. ಕಣ್ಣು ಹಾಯಿಸುವಷ್ಟು ದೂರ ಬರೀ ಸಮತಟ್ಟು. ಗುಡ್ಡ ಇಲ್ಲ, ಗೋಡೆ ಇಲ್ಲ, ನೇರ ಗೆರೆ ಎಳೆದಂಥ ಕಾಲುವೆಗಳು. ಜೌಗು ನೆಲವನ್ನು ಬಸಿದು ಮಾಡಿದ ಹೊಲ ಅದು. ನೀರು ಬಸಿದಷ್ಟೂ ಕಪ್ಪು ಮಣ್ಣು ಕುಗ್ಗುತ್ತಾ ಹೋಗುತ್ತದೆ. ಹೋಮ್ ಫೆನ್ ಎಂಬಲ್ಲಿ 1851ರಲ್ಲಿ ಒಂದು ಕಬ್ಬಿಣದ ಕಂಬವನ್ನು ತುದಿ ನೆಲಕ್ಕೆ ಸಮ ಬರುವ ಹಾಗೆ ಹೂತಿದ್ದರು. ಈಗ ಅದು ನೆಲದಿಂದ ಸುಮಾರು 4 ಮೀಟರ್ ಮೇಲೆ ನಿಂತಿದೆ. ಶಾಲೆಯಿಂದ ಕರೆದುಕೊಂಡು ಹೋಗಿದ್ದರು. ಮೇಲಕ್ಕೆ ನೋಡಿ ಕತ್ತು ನೋವು ಬಂತು.

ಆ ಹಳ್ಳಿಯಲ್ಲಿ ಕಂದು ಬಣ್ಣದವರು ಅಂತ ಇದ್ದದ್ದು ನಮ್ಮ ಮನೆಯವರು ಮಾತ್ರ. ಆಟದ ಮೈದಾನದಲ್ಲಿ ನನಗೊಂದು ಹೆಸರು ಇಟ್ಟಿದ್ದರು, ಅದನ್ನು ಇಲ್ಲಿ ಬರೆಯುವುದಿಲ್ಲ. ಅಮ್ಮ ಸೀರೆಯಲ್ಲಿ ಶಾಲೆಗೆ ಬಂದರೆ ನಾನು ಕಾರಿನ ಹತ್ತಿರ ಮೊದಲೇ ಓಡಿಹೋಗುತ್ತಿದ್ದೆ, ಅವರು ಗೇಟಿನ ತನಕ ಬರದಿರಲಿ ಅಂತ. ಹೊಡೆತ ತಿಂದವಳಲ್ಲ ನಾನು. ಆದರೆ ಯಾವಾಗ ಯಾರು ಏನು ಅನ್ನುತ್ತಾರೋ ಎಂದು ಕಾಯುತ್ತಾ ಕೂರುವುದೂ ಒಂದು ಸುಸ್ತು. ಹುಟ್ಟುಹಬ್ಬಕ್ಕೆ ಕರೆಯದೆ ಬಿಡುವುದನ್ನು ಯಾರಿಗೆ ದೂರು ಹೇಳುವುದು?

ಅದರ ಮೇಲೆ ಬಸ್ಸು. 1986ರಲ್ಲಿ ಬಸ್ಸುಗಳನ್ನು ಖಾಸಗಿ ಪೈಪೋಟಿಗೆ ಬಿಟ್ಟರು. ನಮ್ಮ ಕಡೆ ಸಂಜೆಯ ಬಸ್ಸು ನಿಂತೇ ಹೋಯಿತು. ಹದಿನಾಲ್ಕು ವಯಸ್ಸಿನ ಹುಡುಗಿಗೆ ಸಿನಿಮಾ ಇಲ್ಲ, ಲೈಬ್ರರಿ ಇಲ್ಲ, ಗೆಳತಿಯ ಮನೆ ಇಲ್ಲ. ಅಪ್ಪ ಡ್ಯೂಟಿ ಮುಗಿಸಿ ಬಂದು ಕಾರಿನಲ್ಲಿ ಬಿಟ್ಟರೆ ಉಂಟು. ಹಳ್ಳಿಯ ಬಾಲ್ಯ ಎಂದ ಕೂಡಲೇ ಸ್ವಾತಂತ್ರ್ಯ ಅನ್ನುವವರಿಗೆ ನನ್ನ ಪ್ರಶ್ನೆ: ಯಾರಿಗೆ?

ಒಂದೇ ಒಂದು ಒಳ್ಳೆಯ ನೆನಪು ಹೇಳುತ್ತೇನೆ. ಚಳಿ ಜೋರಾದ ವರ್ಷ ಹೊಲಗಳ ಮೇಲೆ ನಿಂತ ನೀರು ಹೆಪ್ಪುಗಟ್ಟುತ್ತಿತ್ತು. ಆಗ ಇಡೀ ಊರು ಸ್ಕೇಟ್ ಹಿಡಿದು ಬರುತ್ತಿತ್ತು. ಫೆನ್ ಜನರ ಸ್ಕೇಟಿಂಗ್ ಹೆಸರುವಾಸಿ. ಎಪ್ಪತ್ತು ದಾಟಿದ ಆಲೂಗಡ್ಡೆ ರೈತರೊಬ್ಬರು ನನ್ನ ಎರಡೂ ಕೈ ಹಿಡಿದು, ತಾವು ಹಿಂದು ಹಿಂದಕ್ಕೆ ಜಾರುತ್ತಾ ಕಲಿಸಿದರು. ಆ ಮಧ್ಯಾಹ್ನ ನನ್ನ ಬಣ್ಣ ಯಾರಿಗೂ ಕಾಣಲಿಲ್ಲ.

ಮೈಸೂರಜ್ಜಿ

ಅಯ್ಯೋ ಮಗು. ನನ್ನ ಮಗನೂ ಹೀಗೇ ಕಾರಿನ ಹತ್ತಿರ ಓಡುತ್ತಿದ್ದ. ನನಗೆ ಅರ್ಥವಾಗುತ್ತಿತ್ತು, ಹೇಳುತ್ತಿರಲಿಲ್ಲ ಅಷ್ಟೇ. ನಿಮ್ಮಮ್ಮನಿಗೂ ಅರ್ಥವಾಗಿರುತ್ತದೆ. ಅವರ ಹತ್ತಿರ ಒಂದು ಸಲ ಮಾತಾಡು. ತಾಯಂದಿರು ಅದಕ್ಕೆಲ್ಲ ಬೇಜಾರು ಮಾಡಿಕೊಳ್ಳುವುದಿಲ್ಲ.

ಕಲ್ಲುಗೋಡೆ

ಫೆನ್ ಬಯಲು ಅವರೇ, ನೀವು ಬರೆದದ್ದು ಪೂರ್ತಿ ಸರಿ. ನನಗೂ ಆ ಹೆಸರುಗಳನ್ನು ಕೂಗಿದ್ದಾರೆ. ಆದರೂ ನನ್ನ ಅನುಭವ ಸ್ವಲ್ಪ ಬೇರೆಯಾದದ್ದಕ್ಕೆ ಕಾರಣ ಜನರ ಒಳ್ಳೆಯತನ ಒಂದೇ ಅಂತ ನಾನು ನಂಬುವುದಿಲ್ಲ. ನಮ್ಮಲ್ಲಿ ಎಲ್ಲರೂ ಒಟ್ಟಿಗೆ ಕೈ ಹಾಕಲೇಬೇಕಾದ ಕೆಲಸಗಳಿದ್ದವು. ಮಣ್ಣು ತುಳಿಯಲು ಯಾರ ಕಾಲಾದರೂ ಆಗುತ್ತದೆ. ನಿಮ್ಮ ಸ್ಕೇಟಿಂಗ್ ಮಧ್ಯಾಹ್ನವೂ ಅಂಥದ್ದೇ ಅಲ್ವಾ? ಮಂಜುಗಡ್ಡೆ ಯಾರಪ್ಪನದ್ದೂ ಅಲ್ಲ.

ಬಸ್ಸಿನ ವಿಷಯದಲ್ಲಂತೂ ನನಗೆ ಸಿಟ್ಟೇ ಬರುತ್ತದೆ. ನಾನು ಅಲ್ಲಿದ್ದಾಗ ಬೆಳಗ್ಗೆ, ಮಧ್ಯಾಹ್ನ, ಸಂಜೆ ಬಸ್ಸಿತ್ತು. ಹತ್ತು ವರ್ಷದವಳಾಗಿ ನಾನೇ ಹತ್ತಿ ಮ್ಯಾಟ್‌ಲಾಕ್‌ಗೆ ಹೋಗಿ ಬಂದಿದ್ದೇನೆ. ರೈಲು ಮಾತ್ರ ಅಷ್ಟು ಹೊತ್ತಿಗೇ ಹೋಗಿತ್ತು. ರೈಲು ದಾರಿಗಳನ್ನು ಕಡಿತ ಮಾಡಿ ಎಂದ 1963ರ ಬೀಚಿಂಗ್ ವರದಿಯ ನಂತರ ಸಾವಿರಾರು ಮೈಲಿ ಹಳಿ ಕಿತ್ತರು. ಮ್ಯಾಟ್‌ಲಾಕ್‌ನಿಂದ ಬಕ್ಸ್‌ಟನ್‌ಗೆ ಹೋಗುವ ದಾರಿಯೂ 1968ರಲ್ಲಿ ಮುಚ್ಚಿತು. ನಾವು ಆಡುತ್ತಿದ್ದದ್ದೇ ಹಳಿ ಕಿತ್ತ ಇನ್ನೊಂದು ದಾರಿಯ ಮೇಲೆ. ಅಂಗಡಿ, ಶಾಲೆ, ಬಸ್ಸು ಇವನ್ನು ಒಂದೊಂದಾಗಿ ತೆಗೆದುಬಿಟ್ಟರೆ ಹಳ್ಳಿ ಎಂದು ಉಳಿಯುವುದು ಕಾರಿದ್ದವರ ಮನೆಗಳ ಸಾಲು. ಅಲ್ಲಿ ಬಣ್ಣ ಬೇರೆ ಇರುವ ಮಗು ಇನ್ನೂ ಒಂಟಿಯಾಗುತ್ತದೆ. ನಿಮಗೆ ಆದದ್ದು ಅದೇ ಅನಿಸುತ್ತದೆ.

ನಮ್ಮ ಹಳ್ಳಿಯ ಶಾಲೆಯೂ ಈಗ ಯಾರದೋ ಮನೆ. ಮಕ್ಕಳು ಸಾಲದೆ ಮುಚ್ಚಿದರು. ಕ್ವಾರಿ ಕೆಲಸದವರ ಮಕ್ಕಳು ಆ ಬೆಲೆ ಕೊಟ್ಟು ಅಲ್ಲಿ ಮನೆ ಕೊಳ್ಳಲು ಆಗುತ್ತಿಲ್ಲ. ವಾರದ ಕೊನೆಗೆ ಬಂದು ಹೋಗುವವರ ಮನೆಗಳು ಜಾಸ್ತಿ ಆಗಿವೆ.

ಬಿಳಿ ಗುಲಾಬಿ

ನಾನು ಯಾರ್ಕ್‌ಶೈರ್. ಚಿಕ್ಕದಾಗಿ ಬರೆಯುತ್ತೇನೆ. ನವೆಂಬರ್ 5, ಬೆಂಕಿ ಹಬ್ಬ. 1605ರಲ್ಲಿ ಪಾರ್ಲಿಮೆಂಟಿಗೆ ಸಿಡಿಮದ್ದು ಇಟ್ಟು ಸಿಕ್ಕಿಬಿದ್ದ ಗೈ ಫಾಕ್ಸ್‌ನ ಗೊಂಬೆ ಮಾಡಿ ಸುಡುತ್ತಾರೆ. ಹಳೆಯ ಪ್ಯಾಂಟಿಗೆ ಪೇಪರ್ ತುರುಕಿ ಗೊಂಬೆ ಮಾಡಿ, ತಳ್ಳುಗಾಡಿಯಲ್ಲಿ ಕೂರಿಸಿ, ಅಂಗಡಿಯ ಮುಂದೆ ಕಾಸು ಕೇಳುತ್ತಿದ್ದೆವು. ಓಟ್ಸ್, ಶುಂಠಿ, ಕಪ್ಪು ಟ್ರೀಕಲ್ ಪಾಕ ಹಾಕಿ ಮಾಡಿದ ಪಾರ್ಕಿನ್ ಕೇಕ್ ತಿನ್ನುವುದು. ಪಟಾಕಿ ಅಂಗಡಿಗೆ ಬರುತ್ತಿದ್ದದ್ದೇ ಆ ವಾರಗಳಲ್ಲಿ. ದೀಪಾವಳಿಯೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬಿದ್ದರೆ ನಮ್ಮ ಮನೆಯಲ್ಲಿ ಎರಡಕ್ಕೂ ಸೇರಿಸಿ ಒಂದೇ ಡಬ್ಬ!

1976ರ ಬೇಸಿಗೆ ಯಾರಿಗೆ ನೆನಪಿದೆ?

ಕಲ್ಲುಗೋಡೆ

ಮರೆಯಲು ಸಾಧ್ಯವೇ! ಜೂನ್ ಕೊನೆಯಿಂದ ಜುಲೈ ಮೊದಲ ವಾರದ ತನಕ 15 ದಿನ ದೇಶದ ಎಲ್ಲಾದರೂ ಒಂದು ಕಡೆ 32 ಡಿಗ್ರಿ ದಾಟುತ್ತಲೇ ಇತ್ತು. ಮೈಸೂರಿನವರಿಗೆ ಅದೇನು ಬಿಸಿಲು ಅನಿಸಬಹುದು, ಅಲ್ಲಿ ಅದು ಬರಗಾಲ. ಹುಲ್ಲೆಲ್ಲ ಕಂದು. ಕೆಂಪು ಗುಲಗಂಜಿ ಹುಳುಗಳು ಮೋಡದ ಹಾಗೆ ಬಂದು ತೋಳಿನ ಮೇಲೆಲ್ಲ ಕೂತವು. ಸರ್ಕಾರ ಬರಕ್ಕೆಂದೇ ಡೆನಿಸ್ ಹೋವೆಲ್ ಅವರನ್ನು ಮಂತ್ರಿ ಮಾಡಿತು. ಕೆಲವೇ ದಿನದಲ್ಲಿ ಮಳೆ ಹಿಡಿಯಿತು.

ಅಪ್ಪ ನಮ್ಮನ್ನು ಲೇಡಿಬೋವರ್ ಜಲಾಶಯಕ್ಕೆ ಕರೆದುಕೊಂಡು ಹೋದರು. 40ರ ದಶಕದಲ್ಲಿ ಅದಕ್ಕಾಗಿ ಡರ್ವೆಂಟ್, ಆಶಪ್ಟನ್ ಎಂಬ ಎರಡು ಹಳ್ಳಿಗಳನ್ನು ಮುಳುಗಿಸಿದ್ದರು. ನೀರು ಇಳಿದು ಡರ್ವೆಂಟ್‌ನ ಗೋಡೆಗಳು ಮೇಲೆ ಬಂದಿದ್ದವು. ಬಿರುಕು ಬಿಟ್ಟ ಕೆಸರಿನ ಮೇಲೆ ಜನ ಸಾಲಾಗಿ ನಡೆಯುತ್ತಿದ್ದರು. ಒಬ್ಬ ಅಜ್ಜ ತನ್ನ ಮೊಮ್ಮಗನಿಗೆ ಕೋಲು ತೋರಿಸಿ, ಇದು ಅಡುಗೆಮನೆ, ಇದು ಬಾಗಿಲು ಎಂದು ಹೇಳುತ್ತಿದ್ದರು. ಅಪ್ಪ ಶಿವಮೊಗ್ಗದ ಕಡೆಯವರು, ಶರಾವತಿ ಮುಳುಗಡೆ ನೋಡಿದವರು. ಆ ಅಜ್ಜನ ಹತ್ತಿರ ಹೋಗಿ ತುಂಬಾ ಹೊತ್ತು ಮಾತಾಡಿದರು.

ತುಂಗಾತೀರ

ಮೇಡಂ, ಬರುವ ಮೇ ತಿಂಗಳು ಮಗಳ ಮನೆಗೆ ಹೋಗುತ್ತಿದ್ದೇವೆ. ಆ ಬಾವಿ ಸಿಂಗಾರ ನೋಡಲು ಆಗುತ್ತದೆಯೇ? ನನ್ನ ಹೆಂಡತಿಗೆ ಮಂಡಿ ನೋವು, ತಡಬೆ ಹತ್ತಲಾರಳು.

ಕಲ್ಲುಗೋಡೆ

ಖಂಡಿತ ಆಗುತ್ತದೆ ಸರ್. ಟಿಸಿಂಗ್ಟನ್‌ನದು ಈಸ್ಟರ್ ಆಗಿ ನಲವತ್ತನೇ ದಿನ, ಗುರುವಾರ ಶುರು. ಈಸ್ಟರ್ ಹಿಂದುಮುಂದಾದರೆ ಅದೂ ಆಗುತ್ತದೆ, ಆ ವರ್ಷದ ದಿನ ನೋಡಿಕೊಳ್ಳಿ. ಬಾವಿಗಳೆಲ್ಲ ಊರೊಳಗೇ ಇವೆ, ತಡಬೆ ಹತ್ತುವುದು ಬೇಡ. ವರ್ಕ್ಸ್‌ವರ್ತ್‌ನದು ಮೇ ಕೊನೆಯ ರಜೆಯ ಹೊತ್ತಿಗೆ. ನಾಟಿಂಗ್‌ಹ್ಯಾಮ್‌ನಿಂದ ಡಾರ್ಬಿಗೆ ರೈಲು, ಅಲ್ಲಿಂದ ವರ್ಕ್ಸ್‌ವರ್ತ್‌ಗೆ ಬಸ್. ಅಲ್ಲಿ ಏರು ಜಾಸ್ತಿ, ಅಮ್ಮನವರು ನಿಧಾನ ನಡೆಯಲಿ. ಆಗಿದ್ದರೆ ಎರಡು ದಿನ ಮೊದಲೇ ಹೋಗಿ. ಹಲಗೆಗೆ ಎಸಳು ಒತ್ತುವುದನ್ನು ನೋಡಲು ಬಿಡುತ್ತಾರೆ. ಕೆಲವು ಕಡೆ ಕೈ ಜೋಡಿಸುವವರು ಸಿಕ್ಕರೆ ಖುಷಿ ಪಡುತ್ತಾರೆ, ಕೇಳಿ ನೋಡಿ. ಕೂತು ಮಾಡುವ ಕೆಲಸವೇ, ಮಂಡಿಗೆ ತೊಂದರೆ ಇಲ್ಲ. ಒಂದು ಸ್ವೆಟರ್, ಒಂದು ಛತ್ರಿ ಇರಲಿ. ಮೇ ಅಂತ ನಂಬಬೇಡಿ.